ಅತಿಥಿಗಳು ಕಟ್ಟಿದ ವಾದ್ಯವೃಂದ



1945ರ ಅಕ್ಟೋಬರ್ 27ರಂದು ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ ಒಂದು ಸಂಗೀತ ಕಚೇರಿ ನಡೆಯಿತು. ಮಹಾಯುದ್ಧ ನಿಂತು ಎರಡೇ ತಿಂಗಳಾಗಿತ್ತು. ಊರಿನ ಹೆಮ್ಮೆಯಾಗಿದ್ದ ಕ್ವೀನ್ಸ್ ಹಾಲ್ ಎಂಬ ಸಂಗೀತ ಮಂದಿರ 1941ರ ಬಾಂಬು ದಾಳಿಯಲ್ಲಿ ಸುಟ್ಟು ಬೂದಿಯಾಗಿತ್ತು. ತಿನ್ನುವ ಅನ್ನಕ್ಕೂ ರೇಷನ್ನಿದ್ದ ಆ ದಿನಗಳಲ್ಲಿ ಹೊಸದೊಂದು ವಾದ್ಯವೃಂದ ಹುಟ್ಟಿತು. ಹೆಸರು ಫಿಲ್ಹಾರ್ಮೋನಿಯಾ. ಆ ಸಂಜೆ ನುಡಿಸಿದ್ದೆಲ್ಲ ಮೊಜಾರ್ಟನ ಸಂಗೀತ. ವಾದ್ಯವೃಂದದ ಮುಂದೆ ಕೋಲು ಹಿಡಿದು ನಿಂತವರು, ಅಂದರೆ ಕಂಡಕ್ಟರ್, ಇಂಗ್ಲೆಂಡಿನ ಅತಿ ಪ್ರಸಿದ್ಧ ಸಂಗೀತಗಾರ ಸರ್ ಥಾಮಸ್ ಬೀಚಮ್. ಸಂಭಾವನೆಯಾಗಿ ಅವರು ತೆಗೆದುಕೊಂಡದ್ದು ಒಂದು ಒಳ್ಳೆಯ ಸಿಗಾರ್.

ಬೀಚಮ್‌ಗೆ ಆ ಮೇಳ ಬಹಳ ಹಿಡಿಸಿತು. ಅದನ್ನು ತಾವೇ ನಡೆಸಬೇಕೆಂಬ ಆಸೆಯೂ ಹುಟ್ಟಿತು. ಆದರೆ ಮೇಳವನ್ನು ಕಟ್ಟಿದ ವಾಲ್ಟರ್ ಲೆಗ್ ಒಪ್ಪಲಿಲ್ಲ. ಬೀಚಮ್ ಮರುವರ್ಷವೇ ರಾಯಲ್ ಫಿಲ್ಹಾರ್ಮೋನಿಕ್ ಎಂಬ ಬೇರೆ ವಾದ್ಯವೃಂದವನ್ನು ಕಟ್ಟಿಕೊಂಡರು.

ಈ ಲೆಗ್ ಯಾವ ವಾದ್ಯವನ್ನೂ ನುಡಿಸುವ ವಿದ್ವಾಂಸರಲ್ಲ. ಇಎಂಐ ಗ್ರಾಮಫೋನ್ ಕಂಪನಿಯಲ್ಲಿ ಧ್ವನಿಮುದ್ರಣದ ಮೇಲ್ವಿಚಾರಣೆ ಅವರ ಕೆಲಸ. ಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಕಚೇರಿಗಳನ್ನು ಏರ್ಪಡಿಸುತ್ತಿದ್ದರು. ಹಾಗಾಗಿ ಸಮವಸ್ತ್ರದಲ್ಲಿದ್ದ ಒಳ್ಳೊಳ್ಳೆಯ ಯುವ ವಾದಕರು ಯಾರು ಯಾರು, ಎಲ್ಲೆಲ್ಲಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಆರಿಸಿ ಆರಿಸಿ ತಂದರು. ತಂದ ಮೇಲೆ ಒಂದು ನಿಯಮ ಹಾಕಿಕೊಂಡರು: ಈ ಮೇಳಕ್ಕೆ ಕಾಯಂ ಕಂಡಕ್ಟರ್ ಬೇಡ. ಒಬ್ಬರೇ ಯಜಮಾನರಾದರೆ ಅವರದೇ ಬಾನಿ ಮೇಳಕ್ಕೆ ಅಂಟಿಕೊಳ್ಳುತ್ತದೆ, ಮೊಜಾರ್ಟನೂ ಬ್ರಾಮ್ಸನೂ ಒಂದೇ ಬಣ್ಣದಲ್ಲಿ ಕೇಳಿಸತೊಡಗುತ್ತಾರೆ. ಅದಕ್ಕೆ ಬದಲು ಲೋಕದ ದೊಡ್ಡ ದೊಡ್ಡ ನಿರ್ದೇಶಕರನ್ನು ಅತಿಥಿಗಳಾಗಿ ಕರೆಸೋಣ, ಪ್ರತಿಯೊಬ್ಬರೂ ಒಂದಿಷ್ಟು ಕಲಿಸಿ ಹೋಗಲಿ ಎಂದು ಅವರ ಎಣಿಕೆ.

ನಮ್ಮ ಕಡೆಯ ಸಂಗೀತ ಬಲ್ಲವರಿಗೆ ಈ ಎಣಿಕೆ ಥಟ್ಟನೆ ಅರ್ಥವಾಗುತ್ತದೆ. ಮೈಸೂರು ಟಿ. ಚೌಡಯ್ಯನವರನ್ನು ನೆನೆದುಕೊಳ್ಳಿ. ಇವತ್ತು ಅರಿಯಾಕುಡಿಯವರಿಗೆ ಪಿಟೀಲು, ನಾಳೆ ಚೆಂಬೈಯವರಿಗೆ. ಒಬ್ಬರದು ಅಳೆದು ತೂಗಿದ ಹಾಡಿಕೆ, ಇನ್ನೊಬ್ಬರದು ತುಂಬು ಕಂಠದ ಓಘ. ಪಕ್ಕವಾದ್ಯದವರು ತಮ್ಮ ನಾದವನ್ನು ಬಿಟ್ಟುಕೊಡದೆ ಆ ಸಂಜೆಯ ಹಾಡುಗಾರರ ಮನಸ್ಸನ್ನು ಹೊಕ್ಕು ಬರಬೇಕು. ವರ್ಷಾನುಗಟ್ಟಲೆ ಹೀಗೆ ನುಡಿಸಿದವರ ಬಿಲ್ಲಿನಲ್ಲಿ ಹತ್ತಾರು ವಿದ್ವಾಂಸರ ಸಂಗೀತ ಇಳಿದಿರುತ್ತದೆ. ಫಿಲ್ಹಾರ್ಮೋನಿಯಾದ ಇಡೀ ಮೇಳ ಬೆಳೆದದ್ದು ಈ ಬಗೆಯಲ್ಲಿ. ಅದರ ಚರಿತ್ರೆ ಬರೆಯುವವರು ಅತಿಥಿಗಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ, ಸರಿಯೇ. ಅತಿಥಿ ಹೋದ ಮೇಲೂ ಅವನು ಕೊಟ್ಟದ್ದನ್ನು ಕೈಯಲ್ಲಿ ಉಳಿಸಿಕೊಂಡ ವಾದಕರಿಗೆ ಅಷ್ಟೇ ಮರ್ಯಾದೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಅತಿಥಿಗಳನ್ನು ಕರೆಸಲು ಹಣ ಬೇಕಲ್ಲ? ಈ ಕಥೆಯೊಳಗೆ ಮೈಸೂರು ಬರುವುದು ಇಲ್ಲಿ.

ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದದ್ದು 1940ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ. ಅವರ ದೊಡ್ಡಪ್ಪ ನಾಲ್ವಡಿಯವರ ಕಾಲದಿಂದಲೂ ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಆಸ್ಥಾನದಲ್ಲಿ ಮೈಸೂರು ವಾಸುದೇವಾಚಾರ್ಯರು, ವೀಣೆ ವೆಂಕಟಗಿರಿಯಪ್ಪನವರು, ಚೌಡಯ್ಯನವರು. ಇವರೆಲ್ಲರ ನಡುವೆ ಬೆಳೆದ ರಾಜಕುಮಾರ ಪಿಯಾನೊ ಕಲಿತರು, ಶ್ರದ್ಧೆಯಿಂದ ಕಲಿತರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋಶಿಪ್ ಕೊಟ್ಟಿತು. ಮುಂದೆ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಇವರೇ.

ಮಹಾರಾಜರಿಗೆ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರ ರಚನೆಗಳೆಂದರೆ ಪ್ರಾಣ. ಮೆಟ್ನರ್ ರಾಖ್ಮನಿನೋವ್‌ನ ಸ್ನೇಹಿತರು, ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ ದೇಶ ಬಿಟ್ಟು, 1935ರಿಂದ ಲಂಡನ್ನಿನಲ್ಲಿ ಬಡತನದಲ್ಲಿ ಬಾಳುತ್ತಿದ್ದವರು. ಆ ಹೊತ್ತಿಗೆ ಹೃದ್ರೋಗಿ. ಅವರ ಸಂಗೀತವನ್ನು ಅವರ ಕೈಯಲ್ಲೇ ನುಡಿಸಿ ಮುದ್ರಿಸಬೇಕು, ಖರ್ಚು ನನ್ನದು ಎಂದು ಮಹಾರಾಜರು ಇಎಂಐಗೆ ತಿಳಿಸಿದರು. ಮಾತುಕತೆಗೆ ಲೆಗ್ ಮೈಸೂರಿಗೇ ಬಂದರು. ಅರಮನೆಯ ರೆಕಾರ್ಡುಗಳ ಭಂಡಾರ, ಸಾಲು ಸಾಲು ಸ್ಪೀಕರುಗಳು, ದೊಡ್ಡ ಪಿಯಾನೊಗಳು, ಇದನ್ನೆಲ್ಲ ಕಂಡು ಬೆರಗಾದದ್ದನ್ನು ಅವರೇ ಆಮೇಲೆ ಬರೆದಿದ್ದಾರೆ. ಮೆಟ್ನರ್ ಮುದ್ರಣದ ಜೊತೆಗೆ ಫಿಲ್ಹಾರ್ಮೋನಿಯಾವನ್ನು ಭದ್ರವಾಗಿ ನಿಲ್ಲಿಸಲು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರೆಂದು ಲೆಗ್ ಹೇಳುತ್ತಾರೆ. ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ನಮ್ಮ ಮಹಾರಾಜರೇ.

1947ರಲ್ಲಿ ಮೆಟ್ನರ್ ಪಿಯಾನೊದ ಮುಂದೆ ಕೂತರು. ಅವರು ಬರೆದದ್ದು ಮೂರೇ ಪಿಯಾನೊ ಕನ್ಸರ್ಟೊ, ಅಂದರೆ ಪಿಯಾನೊ ಮುಂದಾಗಿ ವಾದ್ಯವೃಂದ ಜೊತೆಗೂಡುವ ಕೃತಿ. ಮೂರನ್ನೂ ಫಿಲ್ಹಾರ್ಮೋನಿಯಾದೊಂದಿಗೆ ಅವರೇ ನುಡಿಸಿದರು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ಡೊಬ್ರೊವೆನ್ ಕಂಡಕ್ಟರ್. ಮೂರನೆಯ ಕನ್ಸರ್ಟೊ ಮೈಸೂರು ಮಹಾರಾಜರಿಗೆ ಅರ್ಪಣೆಯಾಗಿದೆ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು.

ಇಲ್ಲಿಯ ಹಣ ಅಲ್ಲಿಯ ವಾದ್ಯವೃಂದಕ್ಕೆ ಯಾಕೆ ಹೋಗಬೇಕಿತ್ತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನನಗೆ ತೋಚುವ ಉತ್ತರ ಇಷ್ಟು: ರೋಗದಿಂದ ಕುಗ್ಗಿದ ಒಬ್ಬ ದೊಡ್ಡ ಸಂಗೀತಗಾರನ ಕೈಯ ನುಡಿ ಉಳಿಯಬೇಕಾದರೆ ಆಗಲೇ, ಆ ಒಂದೆರಡು ವರ್ಷದಲ್ಲೇ ಯಾರಾದರೂ ಮುಂದೆ ಬರಬೇಕಿತ್ತು. ಯೂರೋಪಿನಲ್ಲಿ ಯಾರೂ ಬರಲಿಲ್ಲ. ಮೈಸೂರಿನವರು ಬಂದರು.

ಅದೇ 1947ರ ಅಕ್ಟೋಬರ್ 19ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫಿಲ್ಹಾರ್ಮೋನಿಯಾದ ಮುಂದೆ ಬಂದು ನಿಂತ ಅತಿಥಿ ರಿಖಾರ್ಡ್ ಸ್ಟ್ರೌಸ್. 83 ವರ್ಷ. ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿ ಬಂದಿದ್ದರು. ಯುದ್ಧದಲ್ಲಿ ಸೋತ ಜರ್ಮನಿಯ ಈ ಮುದುಕರನ್ನು ಗೆದ್ದ ದೇಶದ ರಾಜಧಾನಿ ಕರೆಸಿ, ಅವರ ರಚನೆಗಳನ್ನು ಅವರ ಕೈಯಿಂದಲೇ ನಡೆಸಿಕೊಂಡಿತು. ಸೈನ್ಯದಿಂದ ಆಗತಾನೆ ಬಿಡುಗಡೆಯಾಗಿದ್ದ ಹುಡುಗರು ಆ ಕೈಯ ಸನ್ನೆಗೆ ನುಡಿಸಿದರು.

ಮರುವರ್ಷ ಸ್ಟ್ರೌಸ್ ಹೆಣ್ಣುಕಂಠಕ್ಕೂ ವಾದ್ಯವೃಂದಕ್ಕೂ ನಾಲ್ಕು ಹಾಡುಗಳನ್ನು ಬರೆದರು. 1949ರ ಸೆಪ್ಟೆಂಬರಿನಲ್ಲಿ ತೀರಿಹೋದರು. ಅವರ ಮರಣಾನಂತರ ಆ ನಾಲ್ಕು ಹಾಡುಗಳು ‘ಕೊನೆಯ ನಾಲ್ಕು ಹಾಡುಗಳು’ ಎಂಬ ಹೆಸರಿನಲ್ಲಿ ಪ್ರಸಿದ್ಧವಾದವು. ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಇವನ್ನು ಹಾಡಬೇಕೆಂದು ಸ್ಟ್ರೌಸ್ ಬಯಸಿದ್ದರು. 1950ರ ಮೇ 22ರಂದು, ಆಲ್ಬರ್ಟ್ ಹಾಲ್‌ನಲ್ಲೇ, ಅವು ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಫ್ಲಾಗ್‌ಸ್ಟಾಡ್, ನುಡಿಸಿದ್ದು ಫಿಲ್ಹಾರ್ಮೋನಿಯಾ, ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಕಚೇರಿಯ ಖರ್ಚಿಗೆ 4,800 ಡಾಲರಿನ ಖಾತರಿ ನಿಂತವರು ಜಯಚಾಮರಾಜ ಒಡೆಯರ್. ಅವರಿಗೆ ಹೋಗಲಾಗಲಿಲ್ಲ. ಹಾಗಾಗಿ ಕಚೇರಿಯನ್ನು ಮುದ್ರಿಸಿ ಮೈಸೂರಿಗೆ ಕಳಿಸುವ ಏರ್ಪಾಡಾಯಿತು. ಸುಮಾರು 20,000 ರೆಕಾರ್ಡುಗಳಿದ್ದ ಅವರ ಭಂಡಾರಕ್ಕೆ ಅದೂ ಸೇರಬೇಕಿತ್ತು. ಆ ಸಂಜೆಯ ಮುದ್ರಣ ಉಳಿದುಬಂದಿದೆ. ತಟ್ಟೆಗಳು ಸವೆದದ್ದರಿಂದ ಸದ್ದು ಗೊರಗೊರ ಅನ್ನುತ್ತದೆ. ಆದರೂ ಫ್ಲಾಗ್‌ಸ್ಟಾಡ್ ಅವರ ಕಂಠ ಆ ಗದ್ದಲವನ್ನು ಸೀಳಿಕೊಂಡು ಬರುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಫುರ್ಟ್‌ವೆಂಗ್ಲರ್ ಅವರ ಕೈ ಸನ್ನೆ ಅಸ್ಪಷ್ಟ ಎಂದು ಪ್ರಸಿದ್ಧಿ. ತಾಳದ ಪೆಟ್ಟು ಎಲ್ಲಿ ಬಿತ್ತು ಎಂದೇ ತಿಳಿಯದು. ವಾದಕರು ಒಬ್ಬರನ್ನೊಬ್ಬರು ಕೇಳಿಸಿಕೊಂಡು, ಒಟ್ಟಾಗಿ ಉಸಿರು ಬಿಟ್ಟು ಎತ್ತಿಕೊಳ್ಳಬೇಕು. ಎರಡು ವರ್ಷದ ನಂತರ ಇದೇ ಫ್ಲಾಗ್‌ಸ್ಟಾಡ್, ಇದೇ ಫುರ್ಟ್‌ವೆಂಗ್ಲರ್, ಇದೇ ಮೇಳ ಸೇರಿ ವಾಗ್ನರನ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ಯನ್ನು ಇಡಿಯಾಗಿ ಮುದ್ರಿಸಿದರು. ಇವತ್ತಿಗೂ ಆ ಗೀತನಾಟಕದ ಮಾತು ಬಂದರೆ ಮೊದಲು ಹೆಸರಿಸುವುದು ಆ ಮುದ್ರಣವನ್ನೇ.

ಫುರ್ಟ್‌ವೆಂಗ್ಲರ್‌ಗಿಂತ ಪೂರಾ ಬೇರೆ ಸ್ವಭಾವದವರು ಹೆರ್ಬರ್ಟ್ ಫಾನ್ ಕಾರಾಯಾನ್. ಇವರು ನಾಟ್ಸಿ ಪಕ್ಷದ ಸದಸ್ಯರಾಗಿದ್ದವರು, ಯುದ್ಧದ ನಂತರ ಕೆಲವು ಕಾಲ ಸಾರ್ವಜನಿಕ ಕಚೇರಿ ನಡೆಸಲು ಇವರಿಗೆ ನಿಷೇಧವಿತ್ತು. 1948ರಲ್ಲಿ ಲೆಗ್ ಇವರನ್ನು ಲಂಡನ್ನಿಗೆ ಕರೆತಂದರು. ಆ ಏಪ್ರಿಲ್‌ನಲ್ಲೇ ಕಾರಾಯಾನ್ ಮತ್ತು ಫಿಲ್ಹಾರ್ಮೋನಿಯಾ ಜೊತೆ ರೊಮೇನಿಯಾದ ದಿನು ಲಿಪಾಟಿ ಶೂಮನ್ನನ ಪಿಯಾನೊ ಕನ್ಸರ್ಟೊ ನುಡಿಸಿ ಮುದ್ರಿಸಿದರು. ಲಿಪಾಟಿ ರಕ್ತಸಂಬಂಧಿ ಕ್ಯಾನ್ಸರ್‌ಗೆ ತುತ್ತಾಗಿ 33ನೆಯ ವಯಸ್ಸಿನಲ್ಲಿ ಹೋಗಿಬಿಟ್ಟರು. ಕಾರಾಯಾನ್ ಮಾತ್ರ ಏಳೆಂಟು ವರ್ಷ ಮತ್ತೆ ಮತ್ತೆ ಬಂದು ಮೇಳವನ್ನು ತಿದ್ದಿದರು. ತಂತಿ ವಾದ್ಯಗಳು ಒಂದೇ ಬಿಲ್ಲಿನಿಂದ ಬಂದಂತೆ ಕೇಳಬೇಕು, ಗಾಳಿ ವಾದ್ಯಗಳಲ್ಲಿ ಒರಟು ಅಂಚು ಉಳಿಯಬಾರದು. ಬೀಥೋವನನ ಒಂಬತ್ತು ಸಿಂಫನಿಗಳು (ಇಡೀ ವಾದ್ಯವೃಂದಕ್ಕೆಂದು ಬರೆದ ಹಲವು ಭಾಗಗಳ ದೊಡ್ಡ ಕೃತಿಗಳು), 1952ರ ಯೂರೋಪ್ ಪ್ರವಾಸ, 1955ರ ಅಮೆರಿಕ ಪ್ರವಾಸ, ಎಲ್ಲ ಇವರ ಜೊತೆಯೇ. ಮಹಾರಾಜರ ಅಭಿರುಚಿಯ ಗುರುತೂ ಇವರ ಮುದ್ರಣಗಳಲ್ಲಿ ಇದೆ: 1949ರಲ್ಲಿ ಮುದ್ರಿಸಿದ ಬಲಾಕಿರೆವ್‌ನ ಸಿಂಫನಿ, ರೂಸೆಲ್‌ನ ನಾಲ್ಕನೆಯ ಸಿಂಫನಿ. ಅಂಗಡಿಯಲ್ಲಿ ಬಿಸಿ ಬಿಸಿಯಾಗಿ ಮಾರಾಟವಾಗುವ ಸರಕಲ್ಲ ಅವು.

1952ರ ಪ್ರವಾಸದಲ್ಲಿ ಮಿಲಾನ್ ನಗರದಲ್ಲಿ ಈ ಮೇಳವನ್ನು ಕೇಳಿದವರಲ್ಲಿ ಇಟಲಿಯ ಕಂಡಕ್ಟರ್ ಆರ್ತುರೊ ತೊಸ್ಕನೀನಿ ಒಬ್ಬರು. ವಯಸ್ಸು 85. ಆ ವರ್ಷವೇ ಲಂಡನ್ನಿಗೆ ಬಂದು ಸೆಪ್ಟೆಂಬರ್ 29 ಮತ್ತು ಅಕ್ಟೋಬರ್ 1ರಂದು ಎರಡು ಕಚೇರಿಗಳಲ್ಲಿ ಬ್ರಾಮ್ಸನ ನಾಲ್ಕೂ ಸಿಂಫನಿಗಳನ್ನು ನಡೆಸಿಕೊಟ್ಟರು, ಹಿಂದಿನ ವರ್ಷ ತೆರೆದಿದ್ದ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ. ನಾಲ್ಕನೆಯ ಸಿಂಫನಿ ನಡೆಯುತ್ತಿರುವಾಗ ಹೊರಗೆ ಯಾರೋ ಪಟಾಕಿ ಹಚ್ಚಿದ ಸದ್ದು ಮುದ್ರಣದಲ್ಲೂ ಕೇಳಿಸುತ್ತದೆ. ಒಬ್ಬ ವಾದಕನೂ ಅಲುಗಿಲ್ಲ. ಎರಡೇ ಸಂಜೆಯ ಒಡನಾಟ ಅದು. ಆದರೆ ತಾಳ ಎಂದರೆ ಏನು, ಬರೆದದ್ದನ್ನು ಬರೆದಂತೆ ನುಡಿಸುವುದೆಂದರೆ ಏನು ಎಂಬ ಪಾಠ ಅವತ್ತು ಆಯಿತು.

ತೊಸ್ಕನೀನಿ ಮಗನಂತೆ ಕಂಡವರು ಕಂಡಕ್ಟರ್ ಗ್ವಿಡೊ ಕಾಂತೆಲ್ಲಿ. 1951ರಿಂದ ಫಿಲ್ಹಾರ್ಮೋನಿಯಾದ ಜೊತೆ ಮುದ್ರಿಸುತ್ತಿದ್ದರು. ತಾಲೀಮಿನಲ್ಲಿ ಹಟಮಾರಿ, ಒಂದು ಸಾಲು ಸರಿಯಾಗುವ ತನಕ ಬಿಡುತ್ತಿರಲಿಲ್ಲ. 1956ರಲ್ಲಿ ಬೀಥೋವನನ ಐದನೆಯ ಸಿಂಫನಿಯನ್ನು ಮುದ್ರಿಸಲು ಕೂತರು. ಪಕ್ಕದಲ್ಲಿ ಕಟ್ಟಡ ಕೆಲಸದ ಸದ್ದು. ಮೊದಲ ಭಾಗವನ್ನು ಆಮೇಲೆ ನೋಡಿಕೊಳ್ಳೋಣವೆಂದು ಉಳಿದ ಮೂರು ಭಾಗಗಳನ್ನು ಮುಗಿಸಿದರು. ನವೆಂಬರ್ 24ರಂದು ಪ್ಯಾರಿಸಿನ ಓರ್ಲಿಯಿಂದ ಮೇಲೆದ್ದ ವಿಮಾನ ಬಿದ್ದು ಕಾಂತೆಲ್ಲಿ ತೀರಿಕೊಂಡರು. 36 ವರ್ಷ. ಲೋಕವೆಲ್ಲ ಬಲ್ಲ ಆ ಆರಂಭವೇ ಇಲ್ಲದ ಐದನೆಯ ಸಿಂಫನಿ ಅವರ ಹೆಸರಲ್ಲಿ ಉಳಿದಿದೆ.

ಹತ್ತು ತಿಂಗಳು ತುಂಬುವುದರೊಳಗೆ ಮೇಳಕ್ಕೆ ಇನ್ನೊಂದು ಪೆಟ್ಟು. ಡೆನ್ನಿಸ್ ಬ್ರೇನ್ ಮೊದಲ ದಿನಗಳಿಂದಲೂ ಮೇಳದ ಮುಖ್ಯ ಹಾರ್ನ್ ವಾದಕರು. ಹಾರ್ನ್ ಎಂದರೆ ಸುರುಳಿ ಸುತ್ತಿದ ಹಿತ್ತಾಳೆ ಕೊಳವೆ. ತುಟಿಯ ಬಿಗಿ ಕೂದಲೆಳೆಯಷ್ಟು ತಪ್ಪಿದರೂ ಸ್ವರ ಒಡೆಯುತ್ತದೆ. ಬ್ರೇನ್ ಅದನ್ನು ಹಾಡುಗಾರರ ಹಾಗೆ ನುಡಿಸುತ್ತಿದ್ದರು. 1953ರಲ್ಲಿ ಕಾರಾಯಾನ್ ಜೊತೆ ಮೊಜಾರ್ಟನ ನಾಲ್ಕು ಹಾರ್ನ್ ಕನ್ಸರ್ಟೊಗಳನ್ನು ಮುದ್ರಿಸಿದಾಗ ಒಳಗಿನವರೇ ಮುಖ್ಯ ಕಲಾವಿದರಾಗಿ ಮುಂದೆ ಬಂದು ನಿಂತರು. ಬ್ರೇನ್‌ಗೆ ಕಾರುಗಳ ಹುಚ್ಚು. 1957ರ ಸೆಪ್ಟೆಂಬರ್ 1ರ ಬೆಳಗಿನ ಜಾವ, ಎಡಿನ್‌ಬರೋ ಉತ್ಸವದ ಕಚೇರಿ ಮುಗಿಸಿ ರಾತ್ರಿಯಿಡೀ ಕಾರು ಓಡಿಸಿಕೊಂಡು ಬರುತ್ತಿದ್ದವರು ಲಂಡನ್ನಿನ ಹತ್ತಿರ ಮರಕ್ಕೆ ಗುದ್ದಿ ಪ್ರಾಣ ಬಿಟ್ಟರು. ಅವರಿಗೂ 36.

ಇಷ್ಟರಲ್ಲಿ ಕಾರಾಯಾನ್ ಬರ್ಲಿನ್ ಫಿಲ್ಹಾರ್ಮೋನಿಕ್‌ನ ಮುಖ್ಯಸ್ಥರಾಗಿ ಆ ಕಡೆ ಹೊರಳಿದ್ದರು. ಖಾಲಿಯಾದ ಜಾಗಕ್ಕೆ ಬಂದವರು ಒಟ್ಟೊ ಕ್ಲೆಂಪರರ್. ಈ ಮನುಷ್ಯನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1885ರಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದರು. ತರುಣನಾಗಿದ್ದಾಗ ಪ್ರಸಿದ್ಧ ರಚನಕಾರ ಮಾಹ್ಲರ್ ಇವರ ಶಕ್ತಿಯನ್ನು ಕಂಡು ಶಿಫಾರಸು ಪತ್ರ ಬರೆದುಕೊಟ್ಟಿದ್ದರು. ಬರ್ಲಿನ್ನಿನ ಕ್ರೋಲ್ ಒಪೆರಾದಲ್ಲಿ ಹೊಸ ಸಂಗೀತಕ್ಕೆ ಬಾಗಿಲು ತೆರೆದವರು. 1933ರಲ್ಲಿ ಹಿಟ್ಲರ್ ಬಂದ, ಇವರು ಅಮೆರಿಕಕ್ಕೆ ಓಡಬೇಕಾಯಿತು. 1939ರಲ್ಲಿ ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯಾಗಿ ಬಲಭಾಗ ಸ್ವಾಧೀನ ತಪ್ಪಿತು. 1951ರಲ್ಲಿ ಮಾಂಟ್ರಿಯಲ್ ವಿಮಾನ ನಿಲ್ದಾಣದಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅಲ್ಲಿಂದ ಮುಂದೆ ಕುಳಿತೇ ನಿರ್ದೇಶನ. ಅಮೆರಿಕ ಸರ್ಕಾರ ಪಾಸ್‌ಪೋರ್ಟಿಗೆ ತಕರಾರು ಮಾಡಿತು. ಎಲ್ಲ ಮುಗಿಯಿತು ಅನ್ನುವ ವಯಸ್ಸಿನಲ್ಲಿ, 1954ರಲ್ಲಿ, ಫಿಲ್ಹಾರ್ಮೋನಿಯಾದ ಜೊತೆ ಮುದ್ರಣ ಶುರುವಾಯಿತು. 1957ರಲ್ಲಿ ಫೆಸ್ಟಿವಲ್ ಹಾಲ್‌ನಲ್ಲಿ ಬೀಥೋವನನ ಎಲ್ಲ ಸಿಂಫನಿಗಳ ಸರಣಿ ನಡೆಯಿತು. ಒಂಬತ್ತನೆಯದಕ್ಕೆಂದೇ ಹೊಸ ಗಾಯಕವೃಂದವನ್ನು ಕಟ್ಟಿದರು. ಮರುವರ್ಷ ಹಾಸಿಗೆಯಲ್ಲಿ ಪೈಪು ಸೇದುತ್ತ ನಿದ್ದೆ ಹೋಗಿ ಬೆಂಕಿ ಹೊತ್ತಿಕೊಂಡು ಮೈಯೆಲ್ಲ ಸುಟ್ಟಿತು. ಅದರಿಂದಲೂ ಎದ್ದು ಬಂದರು. 1959ರಲ್ಲಿ ಲೆಗ್ ತಮ್ಮ ಹಳೆಯ ನಿಯಮವನ್ನು ತಾವೇ ಮುರಿದು, ಅವರನ್ನು ಜೀವಮಾನದ ಮುಖ್ಯ ಕಂಡಕ್ಟರ್ ಎಂದು ನೇಮಿಸಿದರು.

ಕ್ಲೆಂಪರರ್ ನಡೆಸುವಾಗ ಕಾಲಪ್ರಮಾಣ ವಿಳಂಬ, ಅಲಂಕಾರ ಇಲ್ಲವೇ ಇಲ್ಲ. ಒಂದನೆಯ ಪಿಟೀಲಿನವರನ್ನು ಎಡಕ್ಕೂ ಎರಡನೆಯ ಪಿಟೀಲಿನವರನ್ನು ಬಲಕ್ಕೂ ಕೂರಿಸುತ್ತಿದ್ದರು. ಎರಡೂ ಗುಂಪಿನ ಸವಾಲು ಜವಾಬು ಬಿಡಿಬಿಡಿಯಾಗಿ ಕೇಳುತ್ತಿತ್ತು. ಕೊಳಲು, ಓಬೊ, ಕ್ಲಾರಿನೆಟ್‌ಗಳು ತಂತಿ ವಾದ್ಯಗಳ ಹಿಂದೆ ಮರೆಯಾಗಬಾರದು ಎಂಬ ಹಟ. ಕಾರಾಯಾನರ ನುಣುಪನ್ನು ಕಲಿತಿದ್ದ ಅದೇ ವಾದಕರು ಈಗ ಕಲ್ಲಿನ ದೇವಸ್ಥಾನ ಕಟ್ಟುವವರ ಹಾಗೆ ನುಡಿಸಿದರು. ಹಿಟ್ಲರನ ಪಕ್ಷದ ಚೀಟಿ ಹೊಂದಿದ್ದವರು ತರಬೇತಿ ಕೊಟ್ಟ ಮೇಳವನ್ನು ಹಿಟ್ಲರನಿಂದ ಓಡಿದವರು ನಡೆಸಿದರು. ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಕಾರಾಯಾನರ ಕೌಶಲಕ್ಕೆ ತಲೆಬಾಗುತ್ತೇನೆ. ಬೀಥೋವನ್‌ಗೆ ಮಾತ್ರ, ಬಿದ್ದು ಬಿದ್ದು ಎದ್ದ ಕ್ಲೆಂಪರರ್ ಅವರ ಕಡೆಗೇ ನನ್ನ ಮನಸ್ಸು ಹೋಗುತ್ತದೆ.

1964ರ ಮಾರ್ಚ್ 10ರಂದು ಲೆಗ್ ಇದ್ದಕ್ಕಿದ್ದಂತೆ ಮೇಳವನ್ನು ನಿಲ್ಲಿಸುವುದಾಗಿ ಘೋಷಿಸಿದರು. ವಾದಕರು ಒಟ್ಟು ಸೇರಿದರು, ಚದುರುವುದಿಲ್ಲ ಎಂದು ತೀರ್ಮಾನ ಮಾಡಿದರು. ಹಳೆಯ ಹೆಸರು ಬಳಸುವ ಹಕ್ಕು ಇರಲಿಲ್ಲ. ನ್ಯೂ ಫಿಲ್ಹಾರ್ಮೋನಿಯಾ ಎಂದು ಹೆಸರಿಟ್ಟುಕೊಂಡು, ತಮ್ಮ ಆಡಳಿತ ತಾವೇ ನೋಡಿಕೊಳ್ಳುವ ಸಂಘ ಕಟ್ಟಿದರು. ಸುಮಾರು ಎಂಬತ್ತರ ಕ್ಲೆಂಪರರ್ ಈ ವಾದಕರ ಬೆನ್ನಿಗೆ ನಿಂತು ಅಧ್ಯಕ್ಷರಾದರು. ಅಕ್ಟೋಬರ್ 27ರಂದು, ಮೊದಲ ಕಚೇರಿ ನಡೆದ ದಿನದಂದೇ, ಬೀಥೋವನನ ಒಂಬತ್ತನೆಯ ಸಿಂಫನಿಯನ್ನು ನಡೆಸಿಕೊಟ್ಟರು. ಲೆಗ್ ಆರಿಸಿದ ವಾದಕರು ಲೆಗ್ ಇಲ್ಲದೆ ನಿಂತರು. ಅತಿಥಿಗಳು ಬಿಟ್ಟುಹೋದ ವಿದ್ಯೆ ಯಾವ ಕಂಪನಿಯ ಸೊತ್ತೂ ಆಗಿರಲಿಲ್ಲ, ಅವರ ಕೈಗಳಲ್ಲಿತ್ತು. 1977ರಲ್ಲಿ ಹಳೆಯ ಹೆಸರೂ ಮರಳಿ ಸಿಕ್ಕಿತು.

ಅದಕ್ಕೆ ಮುಂಚೆ, 1973ರ ಫೆಬ್ರವರಿಯಲ್ಲಿ, ಚೆಲ್ಲೊ ವಾದಕಿ ಜಾಕ್ಲಿನ್ ದು ಪ್ರೆ ಎಲ್ಗರನ ಚೆಲ್ಲೊ ಕನ್ಸರ್ಟೊ ನುಡಿಸಲು ಇದೇ ಮೇಳದ ಮುಂದೆ ಬಂದು ಕೂತರು. ಬೆರಳುಗಳ ಸ್ಪರ್ಶಜ್ಞಾನ ಆಗಲೇ ಕಳೆದುಹೋಗುತ್ತಿತ್ತು. ತಂತಿಯ ಮೇಲೆ ಬೆರಳು ಎಲ್ಲಿದೆ ಎಂದು ಕಣ್ಣಿನಿಂದ ನೋಡಿ ನುಡಿಸಬೇಕಾದ ಸ್ಥಿತಿ. ಎದುರಿಗೆ ಕಂಡಕ್ಟರ್ ನಮ್ಮ ಮುಂಬಯಿಯ ಜುಬಿನ್ ಮೆಹ್ತಾ. ಇಂಥ ಹೊತ್ತಿನಲ್ಲಿ ಮೇಳದ ತೊಂಬತ್ತು ಜನ ಒಬ್ಬರ ಉಸಿರನ್ನು ಅನುಸರಿಸಬೇಕು, ಕೈ ತಡವಾದರೆ ಕಾಯಬೇಕು. ಅದು ದು ಪ್ರೆ ಅವರ ಕೊನೆಯ ಲಂಡನ್ ಕಚೇರಿಗಳ ಕಾಲ. ನರಗಳನ್ನು ತಿನ್ನುವ ರೋಗವೆಂದು ಆ ವರ್ಷದ ಕೊನೆಗೆ ಗೊತ್ತಾಯಿತು.

ಕ್ಲೆಂಪರರ್ ನಂತರ ಬಂದ ಮುಖ್ಯಸ್ಥರಲ್ಲಿ ರಿಕಾರ್ಡೊ ಮೂತಿ ಇದ್ದಾರೆ, ಸಿನೋಪೊಲಿ, ದೊಹ್ನಾನಿ ಇದ್ದಾರೆ. ಎಲ್ಲರ ವಿಷಯ ಹೇಳಲು ಈ ಹೊತ್ತು ಸಾಲದು. ಒಬ್ಬರನ್ನು ಮಾತ್ರ ಹೆಸರಿಸುತ್ತೇನೆ. 1983ರ ಸೆಪ್ಟೆಂಬರಿನಲ್ಲಿ ಮಾಹ್ಲರನ ಮೂರನೆಯ ಸಿಂಫನಿ ನಡೆಸಬೇಕಾಗಿದ್ದವರಿಗೆ ಬರಲಾಗಲಿಲ್ಲ. ಫಿನ್ಲೆಂಡಿನಿಂದ 25 ವರ್ಷದ ಎಸಾ-ಪೆಕ್ಕಾ ಸಲೊನೆನ್‌ರನ್ನು ಕರೆಸಿದರು. ಒಂದೂವರೆ ಗಂಟೆಗೂ ಮೀರಿದ ಆ ಕೃತಿಯನ್ನು ಅವರು ಹಿಂದೆ ನಡೆಸಿದವರಲ್ಲ, ಕೆಲವೇ ದಿನಗಳಲ್ಲಿ ಕಲಿತು ಬಂದು ನಿಂತರು. ಅವರನ್ನು ದಡ ಮುಟ್ಟಿಸಿದ್ದು ಅನುಭವಸ್ಥ ಮೇಳ. 2008ರಿಂದ 2021ರವರೆಗೆ ಆ ಯುವಕನೇ ಫಿಲ್ಹಾರ್ಮೋನಿಯಾದ ಮುಖ್ಯ ಕಂಡಕ್ಟರ್.

ಈ ಮುದ್ರಣಗಳಲ್ಲಿ ಹೆಚ್ಚಿನವು ಇವತ್ತು ಸುಲಭವಾಗಿ ಸಿಗುತ್ತವೆ. ಪಾಶ್ಚಾತ್ಯ ಸಂಗೀತ ಕೇಳಿ ರೂಢಿಯಿಲ್ಲದವರು ಡೆನ್ನಿಸ್ ಬ್ರೇನ್ ನುಡಿಸಿದ ಮೊಜಾರ್ಟನಿಂದ ಶುರು ಮಾಡಿ. ಯಾವ ವಿವರಣೆಯೂ ಬೇಕಿಲ್ಲ. ಆಮೇಲೆ ಕ್ಲೆಂಪರರ್ ಅವರ ಬೀಥೋವನ್, ಎಡ ಬಲಗಳ ಪಿಟೀಲುಗಳನ್ನು ಬೇರೆ ಬೇರೆಯಾಗಿ ಹಿಡಿಯಲು ಪ್ರಯತ್ನಿಸಿ. ಮೆಟ್ನರ್ ತಾವೇ ನುಡಿಸಿದ ಮೂರನೆಯ ಕನ್ಸರ್ಟೊ ಸಿಕ್ಕರೆ ಬಿಡಬೇಡಿ. ಮೈಸೂರಿನವರು ಅದನ್ನು ಕೇಳದೆ ಇರಬಾರದು.